ಮನೆ ಕಟ್ಟುವ ಮುನ್ನ ಬಿಸಿಲಿನ ದಾರಿ ನೋಡಿ

ಮಾವಿನ ಹಣವೋ ರೇಷ್ಮೆಗೂಡಿನ ಹಣವೋ ಕೈಗೆ ಬಂದಾಗ ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟುವ ಆಸೆ ಸಹಜ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಏಪ್ರಿಲ್ ಬಂತೆಂದರೆ ಎಷ್ಟೋ ಹೊಸ ಮನೆಗಳಲ್ಲಿ ಸೆಕೆ ತಾಳಲಾರದೆ ಜನ ಹೊರಗೆ ಚಾಪೆ ಹಾಸುತ್ತಾರೆ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ನಿದ್ದೆಯೇ ಬರದಿದ್ದರೆ ಏನು ಫಲ? ನಕ್ಷೆ ಹಾಕಿಸುವ ಮುನ್ನ ಈ ಅಂಶಗಳನ್ನು ಗಮನಿಸಿ.

ಮಾಡು: ನಮ್ಮ ಸೀಮೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಬಿಸಿಲಿನ ಮೊದಲ ಪೆಟ್ಟು ಮಾಡಿಗೆ, ಇಳಿಹೊತ್ತಿನಲ್ಲಿ ಪಡುವಣ ಗೋಡೆಗೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಕಾವನ್ನು ಒಳಗೆ ಬಿಡುತ್ತದೆ. ಆದ್ದರಿಂದ ಬೇಸಿಗೆಗೆ ಮೊದಲು ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ಹೆಂಚಿನ ಮಾಡು ಒಪ್ಪುವವರಿಗೆ ಮಾಲೂರಿನ ಹೆಂಚು, ಇಟ್ಟಿಗೆ ಹತ್ತಿರದಲ್ಲೇ ಸಿಗುತ್ತವೆ.

ಜಗುಲಿ ಮತ್ತು ತೊಟ್ಟಿ: ಹಿರಿಯರು ಮನೆಯ ನಡುವೆ ತೊಟ್ಟಿ ಬಿಟ್ಟದ್ದು ಗಾಳಿ, ಬೆಳಕಿಗಾಗಿ. ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ. ಜಾಗ ಕಡಿಮೆಯಿದ್ದರೆ 8 ಅಡಿ ಚೌಕವಾದರೂ ಬಿಡಿ. ಕಿಟಕಿಗೆ ಎದುರಾಗಿ ಕಿಟಕಿ ಇರಲಿ. ಹಳೆಯ ಮನೆಯ ಕಲ್ಲುಕಂಬ, ಚಪ್ಪಡಿಗಳನ್ನು ಮಾರದೆ ಜಗುಲಿಗೆ ಬಳಸಿಕೊಳ್ಳಿ. ಕಾಳು ಹಸನು ಮಾಡಲು, ವಯಸ್ಸಾದವರು ಕೂರಲು ಅದೇ ಜಾಗ.

ಮರ: ಮನೆಯ ಪಡುವಣಕ್ಕೆ 20 ಅಡಿ ದೂರದಲ್ಲಿ ಹೊಂಗೆ ಅಥವಾ ಬೇವು ಹಾಕಿ. ಮರ ಎತ್ತರವಾದಂತೆ ಕೆಳಗಿನ ಕೊಂಬೆ ಸವರಿದರೆ ಬಿಸಿಲು ತಡೆಯುತ್ತದೆ, ಮುಂಗಾರಿನ ಪಡುವಣ ಗಾಳಿ ಕೆಳಗಿನಿಂದ ಮನೆಗೆ ಬರುತ್ತದೆ. ದನದ ಕೊಟ್ಟಿಗೆ, ತಿಪ್ಪೆಗುಂಡಿ ಮನೆಯಿಂದ ದೂರವಿರಲಿ. ಬಚ್ಚಲ ನೀರನ್ನು ಹಿತ್ತಲ ಬಾಳೆಗೆ ತಿರುಗಿಸಿ. ನೀರು ನಿಂತರೆ ಸೊಳ್ಳೆ ತಪ್ಪದು.

ಮಳೆನೀರು: ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲು, ಮೂಳೆ ಕೆಡುತ್ತವೆ. ಮಳೆನೀರಿನಲ್ಲಿ ಆ ತೊಂದರೆಯಿಲ್ಲ. 100 ಚದರ ಮೀಟರ್, ಅಂದರೆ ಸುಮಾರು 11 ಚದರದ ಮಾಡಿನ ಮೇಲೆ 700 ಮಿ.ಮೀ. ಮಳೆ ಬಿದ್ದರೆ 70,000 ಲೀಟರ್ ನೀರು. ಪೋಲಾದದ್ದು ಕಳೆದರೂ 50,000 ಲೀಟರಿಗೆ ಮೋಸವಿಲ್ಲ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಬಳಸುವ ಮನೆಗೆ ವರ್ಷಕ್ಕೆ ಬೇಕಾದದ್ದು ಸುಮಾರು 9,000 ಲೀಟರ್ ಮಾತ್ರ. ಪಾಯ ತೆಗೆಯುವಾಗಲೇ 10,000 ಲೀಟರಿನ ಸಂಪು ಕಟ್ಟಿಸಿ, ಮುಚ್ಚಳ ಹಾಕಿಸಿ. ಸುಣ್ಣ ಬಳಿದ ಮಾಡಾದರೆ ಮೊದಲ ಕೆಲವು ಮಳೆಗಳ ನೀರನ್ನು ಹೊರಬಿಡಿ. ಉಳಿದದ್ದನ್ನು ಇದ್ದಿಲು, ಮರಳಿನಲ್ಲಿ ಸೋಸಿ ತುಂಬಿಕೊಳ್ಳಿ. ಕುಡಿಯುವ ನೀರನ್ನು ಕುದಿಸಿ ಆರಿಸಿ.

ಗೋಡೆ ಮೂರು ತಿಂಗಳಲ್ಲಿ ಏಳುತ್ತದೆ, ನೆರಳಿಗೆ ಐದಾರು ವರ್ಷ ಬೇಕು. ಎರಡು ವರ್ಷದ ನಂತರ ಮನೆ ಕಟ್ಟುವವರೂ ಹೊಂಗೆ ಸಸಿಯನ್ನು ಈ ಮುಂಗಾರಿನಲ್ಲೇ ನೆಡುವುದು ಲೇಸು.