ನೆಲದ ಟಿಕೆಟ್ಟಿನವರ ತೀರ್ಪು

1

ಸಿನಿಮಾ ಬಿಟ್ಟ ಮೇಲೆ ಜನ ಏನು ಮಾತಾಡಿಕೊಂಡು ಮನೆಗೆ ಹೋಗುತ್ತಾರೆ? ನಮ್ಮ ವಿಮರ್ಶೆ ಈ ಮಾತಿಗೆ ಕಿವಿ ಕೊಟ್ಟದ್ದು ಬಹಳ ಕಡಿಮೆ. 1973ರ ಬೂಸಾ ಪ್ರಕರಣದಿಂದ ಈಚೆಗೆ ದಲಿತ ವಿಮರ್ಶೆ ಕತೆ, ಕವಿತೆ, ಆತ್ಮಕಥೆಗಳ ಬಗ್ಗೆ ಸಾಕಷ್ಟು ಮಾತಾಡಿದೆ. ಯಾರು ಬರೆದರು, ಯಾರ ಬಗ್ಗೆ ಬರೆದರು, ಬರೆಯುವಾಗ ಎಲ್ಲಿ ನಿಂತಿದ್ದರು ಎಂದು ಕೇಳಿದೆ. ಆದರೆ ಕೇರಿಯ ಹುಡುಗರು ಓದುವುದಕ್ಕಿಂತ ನೋಡುವುದೇ ಹೆಚ್ಚು. ನೋಡಿದ್ದರ ಬಗ್ಗೆ ಜಗಲಿ ಮೇಲೆ ಕೂತು ತೀರ್ಪು ಕೊಡುತ್ತಾರೆ. ಆ ತೀರ್ಪು ವಿಮರ್ಶೆಯೋ ಹರಟೆಯೋ ಎಂಬುದು ಈ ಲೇಖನದ ಪ್ರಶ್ನೆ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನೋಡುಗ ವಿಚಿತ್ರವಾದ ನೋಡುಗ. ಕೊಳ್ಳೇಗಾಲ 1956ರ ತನಕ ಮದರಾಸು ಸೀಮೆಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲಿನವರಿಗೆ ರಾಜಕುಮಾರ್ ಎಷ್ಟು ಸ್ವಂತವೋ ಎಂ.ಜಿ.ಆರ್. ಕೂಡ ಹೆಚ್ಚುಕಮ್ಮಿ ಅಷ್ಟೇ ಪರಿಚಯ. ಹಿಂದಿ ಮಾತ್ರ ದೂರದ್ದು. ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಮೂರು ದರ್ಜೆ ಇದ್ದ ಕಾಲದಲ್ಲಿ ನೆಲದವರಿಗೆ ಹಿಂದಿ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ಮಾತು ತಿಳಿಯದೆ ಹೋದದ್ದರಿಂದ ಒಂದು ಲಾಭವೂ ಆಯಿತು. ಕಿವಿಯ ಕೆಲಸ ನಿಂತ ಕಡೆ ಕಣ್ಣು ಹೆಚ್ಚು ದುಡಿಯುತ್ತದೆ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರ ಕಾಲಲ್ಲಿ ಚಪ್ಪಲಿ ಇದೆ, ಏಟು ಬಿದ್ದಾಗ ಯಾರು ಬಾಯಿ ಮುಚ್ಚಿಕೊಳ್ಳುತ್ತಾರೆ, ಇವನ್ನೆಲ್ಲ ನೆಲದ ಟಿಕೆಟ್ಟಿನವರು ನೋಡಿಬಿಡುತ್ತಿದ್ದರು.

2

ಒಂದು ಚಿತ್ರವನ್ನೇ ಹಿಡಿದು ನೋಡೋಣ. ರಾಮ್ ಗೋಪಾಲ್ ವರ್ಮಾ ಅವರ ಹಿಂದಿ ಚಿತ್ರ 'ಜಂಗಲ್' ತೆರೆ ಕಂಡದ್ದು 2000ದ ಜುಲೈ 14ರಂದು. ಎರಡು ವರ್ಷ ಹಿಂದೆ 'ಸತ್ಯ' ತೆಗೆದು ಮುಂಬೈ ಭೂಗತ ಜಗತ್ತಿನ ಚಿತ್ರಗಳಿಗೆ ಹೊಸ ವ್ಯಾಕರಣ ಬರೆದ ನಿರ್ದೇಶಕ ಅವರು. 'ಜಂಗಲ್'ನಲ್ಲಿ ಕಾಡು ನೋಡಲು ಬಂದ ನಗರದ ಪ್ರವಾಸಿಗರನ್ನು ಒಬ್ಬ ಕಾಡುಗಳ್ಳ ಒತ್ತೆ ಇಟ್ಟುಕೊಳ್ಳುತ್ತಾನೆ. ಅವರಲ್ಲಿ ನಾಯಕಿಯೂ ಇದ್ದಾಳೆ. ಅವಳನ್ನು ಬಿಡಿಸಲು ಪ್ರಿಯಕರ ಒಂದು ಕಡೆಯಿಂದ, ಪೊಲೀಸ್ ಪಡೆ ಇನ್ನೊಂದು ಕಡೆಯಿಂದ ಕಾಡು ಹೊಗುತ್ತಾರೆ. ಕಳ್ಳನ ಹೆಸರು ದುರ್ಗಾ ನಾರಾಯಣ ಚೌಧರಿ. ಹೆಸರು ಉತ್ತರದ್ದು, ನೆರಳು ಮಾತ್ರ ನಮ್ಮ ಗೋಪಿನಾಥಂನ ವೀರಪ್ಪನ್‌ದು.

ಚಿತ್ರ ಬಿಡುಗಡೆಯಾಗಿ ಹದಿನಾರು ದಿನಕ್ಕೆ, ಜುಲೈ 30ರ ರಾತ್ರಿ, ವೀರಪ್ಪನ್ ಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನು ಕರೆದುಕೊಂಡು ಹೋದ. 108 ದಿನ. ನವೆಂಬರ್ 15ರಂದು ಬಿಡುಗಡೆ. ತೆರೆಯ ಮೇಲಿನ ಒತ್ತೆಯಾಳು ಕತೆ ನೆಲದ ಮೇಲೆ ನಡೆದುಹೋಯಿತು. ಆಮೇಲೆ ಸಿನಿಮಾದವರು ಈ ಕಾಡನ್ನು ಬಿಡಲೇ ಇಲ್ಲ. 2013ರಲ್ಲಿ ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ' ಬಂತು. 2016ರ ಜನವರಿ 1ಕ್ಕೆ ವರ್ಮಾ ಕನ್ನಡದಲ್ಲಿ 'ಕಿಲ್ಲಿಂಗ್ ವೀರಪ್ಪನ್' ತಂದರು. ಅದರಲ್ಲಿ ಬೇಟೆಗಾರ ಪೊಲೀಸ್ ಅಧಿಕಾರಿಯ ಪಾತ್ರ ಮಾಡಿದವರು ಅಪಹೃತ ರಾಜಕುಮಾರ್ ಅವರ ಮಗ ಶಿವರಾಜಕುಮಾರ್. ಅದೇ ವರ್ಷ ಮೇ ತಿಂಗಳಲ್ಲಿ ಹಿಂದಿಯಲ್ಲಿ 'ವೀರಪ್ಪನ್' ಬಂತು. ಎರಡರಲ್ಲೂ ವೀರಪ್ಪನ್ ಆದವರು ಸಂದೀಪ್ ಭಾರದ್ವಾಜ್.

ಈ ಚಿತ್ರಗಳನ್ನು ಪೇಟೆಯವರು ಹೊಗಳುವುದು 'ಸ್ಟೈಲಿಶ್' ಅನ್ನುವ ಒಂದು ಪದದಲ್ಲಿ. ಈ ಸ್ಟೈಲು ಅಂದರೆ ಏನು ಎಂದು ಬಿಡಿಸಿ ಹೇಳಬೇಕು. ಕ್ಯಾಮರಾ ನೆಲಮಟ್ಟಕ್ಕೆ ಇಳಿದು ಬೂಟನ್ನು, ಬಂದೂಕನ್ನು ದೊಡ್ಡದು ಮಾಡಿ ತೋರಿಸುತ್ತದೆ. ಶಾಟುಗಳು ಕಣ್ಣು ಮಿಟುಕಿಸುವುದರೊಳಗೆ ಬದಲಾಗುತ್ತವೆ. ಗುಂಡು ಹಾರುವ ಮೊದಲೇ ಹಿನ್ನೆಲೆ ಸಂಗೀತ ಎದೆಗೆ ಹೊಡೆಯುತ್ತದೆ. ಇದರಿಂದ ನೋಡುಗನಿಗೆ ಎರಡೇ ಜಾಗ ಉಳಿಯುತ್ತವೆ: ಕಳ್ಳನ ಬೆನ್ನ ಹಿಂದೆ, ಇಲ್ಲವೇ ಪೊಲೀಸಿನವನ ಬೆನ್ನ ಹಿಂದೆ. ಮೂರನೆಯ ಜಾಗ ಇಲ್ಲ.

ನಮ್ಮ ಭಾಗದವರು ಬದುಕಿದ್ದು ಆ ಮೂರನೆಯ ಜಾಗದಲ್ಲಿ.

3

ನಮ್ಮ ದೊಡ್ಡಪ್ಪ ಒಬ್ಬರು ಟಿ.ವಿ.ಯಲ್ಲಿ ಇಂಥದೊಂದು ಚಿತ್ರವನ್ನು ಪೂರ್ತಿ ನೋಡಿದರು. ಮುಗಿದ ಮೇಲೆ ಬೀಡಿ ಹಚ್ಚಿಕೊಂಡು, "ಎಲ್ಲಾ ಚೆಂದಾಗದ ಕನಪ್ಪ. ಆದ್ರ ಆ ಕಾಡ್ಲಿ ದನ ಕಾಯೋನು ಒಬ್ನೂ ಕಾಣ್ಲಿಲ್ವಲ್ಲ, ಯಾಕ?" ಅಂದರು. ಹುಡುಗರು ನಕ್ಕರು. ನನಗೂ ಆಗ ನಗು ಬಂತು. ಆಮೇಲೆ ಯೋಚಿಸಿದರೆ, ಎಷ್ಟೋ ಪತ್ರಿಕಾ ವಿಮರ್ಶೆ ಹೇಳದೆ ಬಿಟ್ಟದ್ದನ್ನು ದೊಡ್ಡಪ್ಪ ಒಂದೇ ಸಾಲಿನಲ್ಲಿ ಹೇಳಿದ್ದರು.

ದನ ಕಾಯುವವನು, ಸೌದೆಗೆ ಹೋಗುವ ಹೆಂಗಸು, ಜೇನು ಕೀಳುವ ಸೋಲಿಗ ಇವರೆಲ್ಲ ಆ ಕಾಡಿನಲ್ಲಿ ದಿನಾ ಇದ್ದರು. ವೀರಪ್ಪನ್ ಕಣ್ಣಿಗೆ ಇವರು ಪೊಲೀಸರ ಮಾಹಿತಿದಾರರು. ಪೊಲೀಸರ ಕಣ್ಣಿಗೆ ವೀರಪ್ಪನ್‌ಗೆ ಅಕ್ಕಿ ಹೊತ್ತವರು. ಎರಡು ಕಡೆಯವರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅವನೆಲ್ಲಿ? ಗೊತ್ತಿಲ್ಲ ಎಂದರೂ ಏಟು, ಗೊತ್ತು ಎಂದರೂ ಸಾವು. ಥ್ರಿಲ್ಲರ್ ಚಿತ್ರ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಕುತೂಹಲ ಹುಟ್ಟಿಸುತ್ತದೆ. ಟಿಕೆಟ್ ಕೊಟ್ಟವನು 'ಅವನೆಲ್ಲಿ' ಎಂದು ಸೀಟಿನ ತುದಿಯಲ್ಲಿ ಕೂರುತ್ತಾನೆ. ಆ ಪ್ರಶ್ನೆಯನ್ನು ಲಾಠಿಯ ಜೊತೆಯಲ್ಲಿ ಕೇಳಿಸಿಕೊಂಡವನು ಅದೇ ಸೀಟಿನಲ್ಲಿ ಹೇಗೆ ಕೂರಬೇಕು?

ದಾಖಲೆಯಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬಿಗೆ 22 ಜನ ಸತ್ತರು. ಸತ್ತವರೆಲ್ಲ ಅಧಿಕಾರಿಗಳಲ್ಲ. ಮಾಹಿತಿದಾರರೆಂದು ಜೊತೆಯಲ್ಲಿ ಕರೆದೊಯ್ದಿದ್ದ ಬಡವರೂ ಇದ್ದರು. ಆಮೇಲೆ ವಿಶೇಷ ಕಾರ್ಯಪಡೆಯ ಕಾಲ. ನೂರಕ್ಕೂ ಹೆಚ್ಚು ಜನರನ್ನು ಟಾಡಾ ಕಾಯ್ದೆಯಡಿ ಮೈಸೂರು ಜೈಲಿಗೆ ತುಂಬಿದರು. 1995ರಲ್ಲಿ ಕಾಯ್ದೆ ರದ್ದಾಯಿತು, ಜನ ಒಳಗೇ ಉಳಿದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಬಹುಪಾಲು ಜನರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಅವರ ಆಯುಸ್ಸಿನ ಎಂಟು ವರ್ಷ ಹೋಗಿತ್ತು.

ಮಾದೇಶ್ವರನ ಬೆಟ್ಟದ ಶಿಬಿರದಲ್ಲಿ ಚಿತ್ರಹಿಂಸೆ ಕೊಡುತ್ತಿದ್ದ ಜಾಗವನ್ನು ಜನ 'ವರ್ಕ್‌ಶಾಪ್' ಅನ್ನುತ್ತಿದ್ದರು. ಕರೆಂಟ್ ಕೊಟ್ಟದ್ದನ್ನು, ಹೆಂಗಸರ ಮೇಲೆ ಅತ್ಯಾಚಾರ ನಡೆದದ್ದನ್ನು ಬಾಧಿತರು ಬಾಯಿಬಿಟ್ಟು ಹೇಳಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ. ಒಳಮೀಸಲಾತಿಯ ಆಯೋಗದಿಂದ ನಮಗೆಲ್ಲ ಪರಿಚಯವಾದ ಅದೇ ಸದಾಶಿವ ಅವರು. 2007ರಲ್ಲಿ ಮಾನವ ಹಕ್ಕು ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ವರ್ಮಾ ಅವರ 2016ರ ಚಿತ್ರಗಳು ಬರುವ ಹೊತ್ತಿಗೆ ಇದಾಗಿ ಒಂಬತ್ತು ವರ್ಷ. ಸಾಮಗ್ರಿ ಸಿಗಲಿಲ್ಲ ಎನ್ನುವ ಹಾಗಿರಲಿಲ್ಲ. ಆದರೂ ಆ ಚಿತ್ರಗಳ ಜೀವ ಇರುವುದು ಮುತ್ತುಲಕ್ಷ್ಮಿಯ ಸ್ನೇಹ ಗಳಿಸಲು ಪೊಲೀಸರು ಕಳಿಸುವ ಹೆಣ್ಣಿನ ಕತೆಯಲ್ಲಿ, ಕಳ್ಳನನ್ನು ಕಾಡಿನಿಂದ ಹೊರಗೆ ತರುವ ಉಪಾಯದಲ್ಲಿ.

4

ಇಲ್ಲಿ ಒಂದು ಎಚ್ಚರ ಬೇಕು. ನೋಡುಗ ಜನರೆಲ್ಲ ಸತ್ಯವನ್ನೇ ಹೇಳುತ್ತಾರೆ ಎಂದು ನಾವು ಭಜನೆ ಮಾಡಬಾರದು. ಅದೇ ಜಗಲಿಯ ಮೇಲೆ ವೀರಪ್ಪನ್ ಮೀಸೆಗೂ ಶಿಳ್ಳೆ ಬಿತ್ತು, ಪೊಲೀಸಿನವನ ಬೂಟಿಗೂ ಶಿಳ್ಳೆ ಬಿತ್ತು. ಆನೆ ಕೊಂದವನನ್ನು, ತನ್ನೂರಿನವರನ್ನೇ ಕೊಂದವನನ್ನು ಬಡವರ ಬಂಧು ಅಂದವರೂ ಇದ್ದಾರೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರ ಜೊತೆ ಬೆರೆತು ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟವರು. ಶರಣಾಗುತ್ತೇನೆಂದು ನಂಬಿಸಿ 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಕೊಂದ. ಆ ಊರಿನವರು ಇವತ್ತಿಗೂ ಶ್ರೀನಿವಾಸ್ ಅವರನ್ನು ನೆನೆಯುತ್ತಾರೆ. ಹಾಗಾಗಿ 'ಜನ ಕಳ್ಳನ ಪರ', 'ಜನ ಪೊಲೀಸರ ವಿರುದ್ಧ' ಅನ್ನುವ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತನ್ನನ್ನು ಮನುಷ್ಯನಂತೆ ಕಂಡವನು ಯಾರು ಎಂಬುದು ಊರಿಗೆ ಗೊತ್ತಿರುತ್ತದೆ.

ಇನ್ನೊಂದು ಎಚ್ಚರ ಸ್ಟೈಲಿನ ಬಗ್ಗೆ. ನಮ್ಮ ಕೆಲವು ಗೆಳೆಯರು ಸ್ಟೈಲು ಅಂದರೆ ಮೇಲ್ಜಾತಿಯ ಷೋಕಿ, ನಮ್ಮದು ಬರೀ ಸಂಕಟ, ಬೆವರು ಎಂದು ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಬಾಬಾಸಾಹೇಬರ ನೀಲಿ ಸೂಟು, ಕೈಯಲ್ಲಿ ಪುಸ್ತಕ, ಮುಂದಕ್ಕೆ ಚಾಚಿದ ಬೆರಳು ಸ್ಟೈಲಲ್ಲದೆ ಮತ್ತೇನು? ಇಸ್ತ್ರಿ ಅಂಗಿ ತೊಟ್ಟದ್ದಕ್ಕೆ, ಚಪ್ಪಲಿ ಮೆಟ್ಟಿ ಊರೊಳಗೆ ನಡೆದದ್ದಕ್ಕೆ ಏಟು ತಿಂದ ಸಮಾಜ ನಮ್ಮದು. ಹೀರೋ ಹಾಗೆ ಕಾಲರ್ ಎತ್ತಿಕೊಂಡು ಟಾಕೀಸಿನಿಂದ ಹೊರಬರುವ ಕೇರಿ ಹುಡುಗನನ್ನು ಬೈಯುವ ಹಕ್ಕು ನಮಗಿಲ್ಲ. ಆ ಸ್ಟೈಲನ್ನು ಸಿನಿಮಾ ಯಾರ ಮೈಮೇಲೆ ಇಡುತ್ತದೆ, ಯಾರ ಮೈಯನ್ನು ಅದಕ್ಕೆ ಕಾಲೊರಸು ಮಾಡುತ್ತದೆ ಎಂದು ಕೇಳುವ ಹಕ್ಕು ಖಂಡಿತ ಇದೆ.

ಬೇರೆ ದಾರಿ ಇಲ್ಲವೇ? ಇದೆ. ಹಿಂದಿಯ 'ವೀರಪ್ಪನ್' ಬರುವುದಕ್ಕೆ ಒಂದು ತಿಂಗಳು ಮೊದಲು ಮರಾಠಿಯಲ್ಲಿ ನಾಗರಾಜ ಮಂಜುಳೆ 'ಸೈರಾಟ್' ಕೊಟ್ಟರು. ಹಾಡು, ಕುಣಿತ, ಬಣ್ಣ ಎಲ್ಲ ಇತ್ತು. ಕೊನೆಯಲ್ಲಿ ಅವರು ಸದ್ದನ್ನೇ ನಿಲ್ಲಿಸಿಬಿಟ್ಟರು. ಆ ಮೌನದಲ್ಲಿ ನೋಡುಗ ಯಾರ ಬೆನ್ನ ಹಿಂದೆಯೂ ಬಚ್ಚಿಟ್ಟುಕೊಳ್ಳಲಾರ. 2021ರ ತಮಿಳು 'ಜೈ ಭೀಮ್' ಲಾಕಪ್ಪಿನಲ್ಲಿ ಸತ್ತ ಇರುಳನೊಬ್ಬನ ಕತೆ. ಅದರ ಮೂಲ ಘಟನೆ ನಡೆದದ್ದು 1993ರಲ್ಲಿ, ಪಾಲಾರ್ ಬಾಂಬು ಸಿಡಿದ ವರ್ಷವೇ. ಅಲ್ಲಿಯೂ ಪೊಲೀಸು, ತನಿಖೆ, ಕುತೂಹಲ ಎಲ್ಲ ಇವೆ. ಆದರೆ 'ಅವನೆಲ್ಲಿ' ಎಂದು ಕೇಳುವವಳು ಕಾಣೆಯಾದವನ ಹೆಂಡತಿ. ಪ್ರಶ್ನೆ ಅದೇ, ಕೇಳುವ ಬಾಯಿ ಬದಲಾಯಿತು. ಅದರಿಂದ ಇಡೀ ಚಿತ್ರವೇ ಬದಲಾಯಿತು.

5

ನಮ್ಮ ಸೀಮೆಗೆ ಇದು ಹೊಸ ಪಾಠ ಅಲ್ಲ. ಮಾದೇಶ್ವರನ ಕತೆಯನ್ನು ಕಂಸಾಳೆಯವರು, ಮಂಟೇಸ್ವಾಮಿ ಕತೆಯನ್ನು ನೀಲಗಾರರು ರಾತ್ರಿಯೆಲ್ಲ ಹಾಡುವಾಗ ಕೂತವರು ಸುಮ್ಮನೆ ಕೂತಿರುವುದಿಲ್ಲ. ಹೂಂಗುಟ್ಟುತ್ತಾರೆ, ಅಲ್ಲ ಅನ್ನುತ್ತಾರೆ, ಬಿಟ್ಟುಹೋದದ್ದನ್ನು ನೆನಪಿಸುತ್ತಾರೆ. ಆ ಕತೆಗಳಲ್ಲಿಯೂ ಕೊಲೆ ಇದೆ, ಮೋಸ ಇದೆ, ಕಾಡು ಇದೆ. ಶ್ರವಣ ದೊರೆಯಂಥ ಬಲಶಾಲಿಯ ಸಾವಿನ ಹಿಂದೆ ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ ಇದೆ. ಚರ್ಮ ಹದ ಮಾಡುವವನ ಕೈ ಇಲ್ಲದೆ ಮಾದಪ್ಪನ ಕತೆ ಮುಂದಕ್ಕೆ ಹೋಗುವುದಿಲ್ಲ. ಕಲ್ಯಾಣದ ಬಾಗಿಲಲ್ಲಿ ಗಲೀಜು ವೇಷದಲ್ಲಿ ನಿಂತ ಮಂಟೇಸ್ವಾಮಿಯನ್ನು ಒಳಗೆ ಬಿಡದವರು ಸಣ್ಣವರಾಗುತ್ತಾರೆ. ಇಂಥ ಕತೆ ಕೇಳಿ ಬೆಳೆದ ಕಿವಿಗೆ, ದನ ಕಾಯುವವನೇ ಇಲ್ಲದ ಕಾಡು ಸುಳ್ಳು ಕಾಡು ಎಂದು ಅನ್ನಿಸಿದರೆ ಆಶ್ಚರ್ಯ ಏನಿದೆ? ದೊಡ್ಡಪ್ಪನ ಪ್ರಶ್ನೆ ಅಲ್ಲಿಂದ ಬಂದದ್ದು.

ಹಾಗಾದರೆ ದಲಿತ ವಿಮರ್ಶೆ ಮಾಡಬೇಕಾದ್ದೇನು? ಸಂಘಟನೆಯ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಸಿನಿಮಾ ನೋಡಿದ ಮೇಲೆ ಹಾಸ್ಟೆಲಿನಲ್ಲೋ ಜಗಲಿ ಮೇಲೋ ಕೂತು ಐದು ಪ್ರಶ್ನೆ ಕೇಳಿ. ಚಿತ್ರದಲ್ಲಿ ಯಾರಿಗೆ ಹೆಸರಿದೆ, ಯಾರಿಗಿಲ್ಲ? ಯಾರ ಮನೆಯ ಒಳಗು ಕಾಣುತ್ತದೆ? ಯಾರು ಉಣ್ಣುವುದನ್ನು ತೋರಿಸಿದ್ದಾರೆ? ಸತ್ತಾಗ ಯಾರ ಹೆಣದ ಮುಂದೆ ಅಳುವವರಿದ್ದಾರೆ? ಏಟು ತಿಂದವನು ಮುಂದಿನ ದೃಶ್ಯದಲ್ಲಿ ಎಲ್ಲಿದ್ದಾನೆ? ಉತ್ತರಗಳನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಹೆಂಗಸರನ್ನು ಮರೆಯದೆ ಕೇಳಿ, ಹಿಂದಿ ಬಾರದವರನ್ನೂ ಕೇಳಿ. ಪೋಡಿನ ಸೋಲಿಗರನ್ನು ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದವರು. ಕಾಡು ಯಾರದು ಎಂಬ ಪ್ರಶ್ನೆಗೆ ಅವರ ಹತ್ತಿರ ಸಿನಿಮಾದವರಿಗಿಂತ ಹಳೆಯ ಉತ್ತರ ಇದೆ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಜುಲೈನಲ್ಲಿ ರಾಜಕುಮಾರ್ ಅಪಹರಣ ಆಯಿತು. ಒಂದೇ ರಾಜ್ಯ, ಒಂದೇ ವರ್ಷ. ಅಪಹರಣಕ್ಕೆ ನಾಡು ಸ್ತಬ್ಧವಾಯಿತು, ಅದು ತಪ್ಪೂ ಅಲ್ಲ, ರಾಜಕುಮಾರ್ ನಮ್ಮವರು. ಆದರೆ ಥ್ರಿಲ್ಲರ್‌ಗಳು ಬಂದದ್ದು ಯಾವುದರ ಮೇಲೆ ಎಂದು ನೋಡಿಕೊಳ್ಳಿ. ಆ 108 ದಿನಗಳಲ್ಲಿ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಟಾಡಾ ಬಂದಿಗಳ ಬಿಡುಗಡೆಯೂ ಒಂದಾಗಿತ್ತು. ಅದಕ್ಕೆ ತಡೆ ಕೇಳಿ ಸುಪ್ರೀಂ ಕೋರ್ಟಿಗೆ ಹೋದವರು 1992ರಲ್ಲಿ ವೀರಪ್ಪನ್ ಕೊಂದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು. ಒಂದು ಕಡೆ ಮಗನನ್ನು ಕಳೆದುಕೊಂಡ ತಂದೆ, ಇನ್ನೊಂದು ಕಡೆ ತಪ್ಪು ಸಾಬೀತಾಗದೆ ಜೈಲಿನಲ್ಲಿ ಕೊಳೆಯುವ ಬಡವರು. ಇಬ್ಬರ ಸಂಕಟವೂ ನಿಜ. ಇಬ್ಬರನ್ನೂ ಒಟ್ಟಿಗೆ ಹಿಡಿಯುವ ಚಿತ್ರವನ್ನು ನಾನು ಇನ್ನೂ ನೋಡಿಲ್ಲ.

ಅಂಥ ಚಿತ್ರ ತೆಗೆಯುವ ಹುಡುಗ, ಹುಡುಗಿ ಇವತ್ತು ಹನೂರಿನ ಯಾವುದೋ ಹಾಸ್ಟೆಲಿನಲ್ಲಿ ಫೋನು ಹಿಡಿದು ಕೂತಿರಬಹುದು. ಅಲ್ಲಿಯವರೆಗೆ ಟಾಕೀಸಿನಿಂದ ಹೊರಬರುವವರ ಮಾತನ್ನು ಕೇಳಿಸಿಕೊಳ್ಳೋಣ, ಬರೆದಿಡೋಣ. ದನ ಕಾಯುವವನು ಯಾಕ ಕಾಣ್ಲಿಲ್ಲ ಅಂತ ಕೇಳಿದ ದೊಡ್ಡಪ್ಪ ಎಳೆಯ ವಯಸ್ಸಿನಲ್ಲಿ ದನ ಕಾಯಲು ಅದೇ ಕಾಡಿಗೆ ಹೋಗುತ್ತಿದ್ದವರು.