ಒಂದೇ ಪುಟ, ಹತ್ತು ಕರ್ಸರ್

ಸ್ಮಾರ್ಟ್ ಬೋರ್ಡ್ ಬಂದ ಎಷ್ಟೋ ಶಾಲೆಗಳಲ್ಲಿ ಕರಿಹಲಗೆಯ ಮುಂದೆ ಮಕ್ಕಳು ಹೇಗೆ ಕೂರುತ್ತಿದ್ದರೋ ಈಗಲೂ ಹಾಗೇ ಕೂರುತ್ತಾರೆ. ಮೇಷ್ಟ್ರು ಒತ್ತುತ್ತಾರೆ, ಚಿತ್ರ ಓಡುತ್ತದೆ, ಮಕ್ಕಳು ನೋಡುತ್ತಾರೆ. 2020ರ ಲಾಕ್‌ಡೌನ್ ಕಾಲದ ವಾಟ್ಸಾಪ್ ಪಾಠದ್ದೂ ಇದೇ ಕಥೆ. ಮನೆಗೆಲಸದ ಫೋಟೊ ಗ್ರೂಪಿಗೆ ಬೀಳುತ್ತಿತ್ತು, ಟೀಚರ್ ಹೆಬ್ಬೆರಳಿನ ಚಿಹ್ನೆ ಒತ್ತುತ್ತಿದ್ದರು, ಅಲ್ಲಿಗೆ ಮುಗಿಯಿತು. ಅದೇ ವರ್ಷ ಶುರುವಾದ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿಗಳಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡರಲ್ಲ, ಅಲ್ಲಿ ಮಾತುಕತೆ ಇದಕ್ಕಿಂತ ಹೆಚ್ಚಿತ್ತು.

ಹಾಗಾಗಿ ತರಗತಿಗೆ ತಂತ್ರಜ್ಞಾನ ತರುವ ಮಾತು ಬಂದಾಗ ನಾನು ಕೇಳುವುದು ಒಂದೇ: ಮಕ್ಕಳು ಒಬ್ಬರ ಬರಹಕ್ಕೆ ಇನ್ನೊಬ್ಬರು ಕೈಹಾಕಬಹುದೇ? ಗೂಗಲ್ ಡಾಕ್ಸ್, ಈಥರ್‌ಪ್ಯಾಡ್, ವಿಕಿ ಇವೆಲ್ಲ ಹಾಗೆ ಕೈಹಾಕಲೆಂದೇ ಹುಟ್ಟಿದವು. ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ತೆರೆದದ್ದು ಪ್ರೋಗ್ರಾಮರ್‌ಗಳಿಗಾಗಿ. ಯಾರ ಪುಟವನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಈಥರ್‌ಪ್ಯಾಡ್ ಬಂದದ್ದು 2008ರಲ್ಲಿ. ಶಾಲೆಗೆ ನನ್ನ ಆಯ್ಕೆ ಇದೇ. ಖಾತೆ ತೆರೆಯಬೇಕಿಲ್ಲ, ಬರೆದವರ ಅಕ್ಷರಕ್ಕೆ ಅವರವರದೇ ಬಣ್ಣ ಬರುತ್ತದೆ, ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಕೂರಿಸಿದರೆ ಇಂಟರ್ನೆಟ್ ಇಲ್ಲದೆಯೂ ಉಳಿದವಕ್ಕೆ ಸಿಗುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುವುದರಿಂದ, ಮಕ್ಕಳ ಹೆಸರು, ಫೋನ್ ನಂಬರು ಯಾವ ಕಂಪನಿಗೂ ಹೋಗದಿರುವುದು ಹೆಡ್‌ಮಾಸ್ಟರಿಗೂ ನೆಮ್ಮದಿ.

ಎಂಟನೇ ತರಗತಿಗೆ ‘ನಮ್ಮೂರ ಕೆರೆ’ ಎಂದು ಒಂದು ಖಾಲಿ ಪುಟ ಕೊಟ್ಟು ನೋಡಿ. ಮೊದಲ ಹತ್ತು ನಿಮಿಷ ಗಲಾಟೆಯೇ. ಒಬ್ಬ ತನ್ನ ಹೆಸರನ್ನು ಸಾಲುಗಟ್ಟಲೆ ಹೊಡೆಯುತ್ತಾನೆ, ಇನ್ನೊಬ್ಬಳು ಅದನ್ನು ಅಳಿಸುತ್ತಾಳೆ, ಮೂರನೆಯವನು ಇಡೀ ಪುಟವನ್ನೇ ಮಾಯ ಮಾಡಿ ಸುಮ್ಮನೆ ಕೂರುತ್ತಾನೆ. ಆಗ ಟೀಚರು ಬೈಯಬೇಕಿಲ್ಲ. ಈಥರ್‌ಪ್ಯಾಡಿನ ಕಾಲಪಟ್ಟಿಯನ್ನು ಹಿಂದಕ್ಕೆ ಎಳೆದರೆ ಪುಟ ಅಕ್ಷರ ಅಕ್ಷರವಾಗಿ ಮರಳುತ್ತದೆ. ಏನೂ ಕಳೆದುಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ತರಗತಿ ತಾನಾಗಿ ತಣ್ಣಗಾಗುತ್ತದೆ.

ಕೆಲಸ ಶುರುವಾಗುವುದು ಆಮೇಲೆ. ‘ಈ ಕೆರೆಯನ್ನು ಹಿಂದಿನ ಕಾಲದಲ್ಲಿ ಕಟ್ಟಿಸಿದರು’ ಎಂದು ಒಬ್ಬ ಬರೆದರೆ ಪಕ್ಕದಲ್ಲೇ ಬೇರೆ ಬಣ್ಣದಲ್ಲಿ ‘ಯಾರು?’ ಎಂದು ಬೀಳುತ್ತದೆ. ‘ನೀರು ಬಿಡುವ ಗೇಟು’ ಎಂದಿದ್ದದ್ದು ಮರುದಿನ ‘ತೂಬು’ ಆಗಿರುತ್ತದೆ. ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಂದವರ ಕೆಲಸ ಅದು. ಏರಿ, ಕೋಡಿ, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುತ್ತಿದ್ದ ನೀರಗಂಟಿ ಹೀಗೆ ಒಂದೊಂದೇ ಪುಟಕ್ಕೆ ಬರುತ್ತವೆ. ‘ಯಾರು?’ ಎಂಬ ಪ್ರಶ್ನೆ ಮಾತ್ರ ಅಜ್ಜನಲ್ಲಿ ಮುಗಿಯದು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಬರಲಾರಂಭಿಸಿದವು. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ ಕೆರೆ ಕಟ್ಟಿಸಿದ, ಕೆರೆಗೆ ದತ್ತಿ ಬಿಟ್ಟ ವಿವರಗಳನ್ನು ಮಕ್ಕಳೇ ಹುಡುಕಬಹುದು. ಸಿಕ್ಕರೆ ಹಬ್ಬ. ಸಿಗದಿದ್ದರೆ ‘ತಿಳಿದುಬಂದಿಲ್ಲ’ ಎಂದು ಬರೆಯುವುದನ್ನು ಕಲಿಯುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಬರೆಯಲು ನಾವು ಯಾರಿಗೂ ಬಿಟ್ಟಿಲ್ಲ.

ತೊಡಕುಗಳಿಲ್ಲವೆಂದಲ್ಲ. ಕನ್ನಡದ ಶಾಲೆಗಳಲ್ಲಿ ಮೊದಲ ತೊಡಕು ನೆಟ್‌ವರ್ಕ್ ಅಲ್ಲ, ಫಾಂಟು. ಮೇಷ್ಟ್ರ ಬಳಿ ವರ್ಷಗಟ್ಟಲೆ ಕೂಡಿಟ್ಟ ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲ ಹಳೆಯ ‘ನುಡಿ’ ತಂತ್ರಾಂಶದ ಫಾಂಟುಗಳಲ್ಲಿ ಇರುತ್ತದೆ. ಅದನ್ನು ತಂದು ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು; ಫಾಂಟು ತೆಗೆದರೆ ಕನ್ನಡವೂ ಹೋಯಿತು. ಯೂನಿಕೋಡಿಗೆ ಪರಿವರ್ತಿಸಿಕೊಳ್ಳದೆ ಹಂಚಿಕೊಂಡ ಪುಟದಲ್ಲಿ ಹೆಜ್ಜೆ ಇಡುವಂತಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಕೆಟ್ಟಿದ್ದರೆ ತಿದ್ದುವ ಕೆಲಸವನ್ನು ಮಕ್ಕಳಿಗೇ ವಹಿಸಿದರಾಯಿತು, ಕಾಗುಣಿತವೂ ಗಟ್ಟಿಯಾಗುತ್ತದೆ.

ಇನ್ನೊಂದು ಕಣ್ಣಿಗೆ ಬೀಳದ ತೊಡಕು. ಒಂದು ಕಂಪ್ಯೂಟರಿಗೆ ನಾಲ್ವರು ಕೂತರೆ ಮೌಸು ಜೋರಿನ ಹುಡುಗನ ಕೈಯಲ್ಲೇ ಉಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವ ನಿಯಮ ಬೇಕೇಬೇಕು. ಬಣ್ಣ ನೋಡಿ ಅಂಕ ಕೊಡುವುದಂತೂ ಬೇಡ. ನೀರಗಂಟಿಯ ಕಥೆ ಹೇಳಿದವಳು ಪಕ್ಕದಲ್ಲಿ ಕೂತಿದ್ದಳು, ಕೀಲಿಮಣೆ ಒತ್ತಿದವನು ಬೇರೆ. ಪುಟದ ಇತಿಹಾಸ ಬೆರಳುಗಳನ್ನು ಮಾತ್ರ ಗುರುತಿಸುತ್ತದೆ.

ತಮ್ಮ ಬರಹವನ್ನು ಯಾರೂ ತಿದ್ದಿಯೇ ಇರದ ಶಿಕ್ಷಕರಿಗೆ ಇದನ್ನು ನಡೆಸುವುದು ಕಷ್ಟ. ನಮ್ಮ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಈ ಅಭ್ಯಾಸ ಮಾಡಿದ್ದಾರೆ. ವಿಕಿಪೀಡಿಯ ಓಡುವ ಮೀಡಿಯಾವಿಕಿ ತಂತ್ರಾಂಶದಲ್ಲೇ ಅದೂ ಓಡುತ್ತದೆ. ಗಣಿತ, ವಿಜ್ಞಾನ, ಸಮಾಜದ ಪಾಠಗಳಿಗೆ ಬೇಕಾದ ಚಟುವಟಿಕೆಗಳನ್ನು ಶಿಕ್ಷಕರೇ ಅಲ್ಲಿ ಸೇರಿಸಿದ್ದಾರೆ. ಪ್ರತಿ ಶಾಲೆಯ ಸ್ಟಾಫ್ ರೂಮಿನಲ್ಲೂ ಒಂದು ಪ್ರಶ್ನೆಪತ್ರಿಕೆಯನ್ನಾದರೂ ಹೀಗೆ ಕೂಡಿ ಬರೆದರೆ, ತಿದ್ದಿಸಿಕೊಳ್ಳುವಾಗ ಮೂಗಿನ ತುದಿಗೆ ಬರುವ ಸಿಟ್ಟು ಮಕ್ಕಳಿಗೂ ಬರುತ್ತದೆಂದು ದೊಡ್ಡವರಿಗೆ ಅರ್ಥವಾದೀತು.

ಇದಕ್ಕೆಲ್ಲ ಪಿರಿಯಡ್ ಎಲ್ಲಿದೆ ಎನ್ನುವವರಿಗೆ ಜಾಗ ಈಗಾಗಲೇ ಇದೆ. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳನ್ನು ಹೇಗೂ ಮಾಡಿಸಲೇಬೇಕು, ಅಂಗಡಿಯಿಂದ ತಂದ ಚಾರ್ಟಿನ ಬದಲು ಕೆರೆಯ ಪುಟವನ್ನು ಕೊಡಬಹುದು. ತಪಾಸಣೆಗೆ ಬಂದವರು ಕಡತದಲ್ಲಿ ಕಾಗದ ಕೇಳಿಯೇ ಕೇಳುತ್ತಾರೆ. ಮೊದಲ ದಿನದ ಪುಟವನ್ನೂ ಕೊನೆಯ ದಿನದ ಪುಟವನ್ನೂ ಮುದ್ರಿಸಿ ಒಟ್ಟಿಗೆ ಪಿನ್ ಹಾಕಿಟ್ಟರೆ ಸಾಕು, ಅಂಕ ಕೊಡಬೇಕಾದದ್ದು ಆ ಎರಡರ ನಡುವೆ ಬದಲಾದದ್ದಕ್ಕೆ.