ಗೌರಿಗೊಂದು ಮರೆ ಬೇಕಿತ್ತು

ಪುಣೆಯ ಕೋಥ್ರೂಡ್‌ನ ಮನೆಯಲ್ಲಿ ನಾನು ಮತ್ತು ಗೌರಿ ಇಬ್ಬರೇ. ಗೌರಿ ಅಂದರೆ ಹಸಿರು ಇಗ್ವಾನಾ, ಊರಿಗೆ ಮರಳಿದ ಗೆಳೆಯ ಒಪ್ಪಿಸಿಹೋದ ಜೀವ. ಕಳೆದ ಫೆಬ್ರವರಿಯಲ್ಲಿ ಅವಳು ನುಗ್ಗೆಸೊಪ್ಪು ಮುಟ್ಟುವುದನ್ನೇ ಬಿಟ್ಟಳು. ಹೊಟ್ಟೆ ಉಬ್ಬಿತ್ತು, ಹಗಲೆಲ್ಲ ಮೂಲೆ ಕೆರೆಯುತ್ತಿದ್ದಳು. ಪಶುವೈದ್ಯರು ಎಕ್ಸ್‌ರೇ ನೋಡಿ, "ಹೊಟ್ಟೆ ತುಂಬ ಮೊಟ್ಟೆ" ಎಂದರು.

ಧಾರವಾಡದ ಅವ್ವನಿಗೆ ಫೋನ್ ಮಾಡಿದೆ. "ಗಂಡ ಇಲ್ಲದ ಬಸುರು ಹೆಂಗೋ ತಮ್ಮಾ?" ಎಂದು ನಕ್ಕಳು. ಹುಂಜವಿಲ್ಲದೆ ಕೋಳಿ ಮೊಟ್ಟೆ ಇಡುವ ಹಾಗೆಯೇ ಇದೂ. ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೇ. ಆದರೆ ಹೊರಬರದೆ ಒಳಗೇ ಉಳಿದರೆ ತಾಯಿಯ ಜೀವಕ್ಕೇ ಕುತ್ತು.

ವೈದ್ಯರು ಹೇಳಿದಂತೆ ಕ್ಯಾಲ್ಸಿಯಂ ಕೊಟ್ಟೆ, ಹಳೆಯ ಯುವಿಬಿ ದೀಪ ಬದಲಿಸಿದೆ. ದೊಡ್ಡ ಟಬ್ಬಿನಲ್ಲಿ ಒಂದಡಿ ಆಳಕ್ಕೆ ತೇವದ ಮರಳು, ಮಣ್ಣು ತುಂಬಿದೆ. ಎರಡು ದಿನ ಅಗೆದಳು, ಬಿಟ್ಟಳು. ನಾನು ರಜೆ ಹಾಕಿ ಪಕ್ಕದಲ್ಲೇ ಕುಳಿತಿದ್ದೆ.

"ನೀ ಮುಂದ ಕುಂತ್ರ ಅದು ಹೆಂಗ ಇಡತೈತಿ? ನಮ್ಮ ಕೋಳಿಗೆ ಬುಟ್ಟಿ ಕತ್ತಲ ಮೂಲ್ಯಾಗ ಇಡ್ತಿದ್ದಿಲ್ಲೇನು?" ಅವ್ವ ಗದರಿದಳು.

ಟಬ್ಬಿಗೆ ರಟ್ಟು ಮುಚ್ಚಿ, ಅವಳು ನುಸುಳುವಷ್ಟು ಕಿಂಡಿ ಬಿಟ್ಟು ಆಫೀಸಿಗೆ ಹೋದೆ. ಸಂಜೆ ಬಂದರೆ ಗೌರಿಯ ಮೈಯೆಲ್ಲ ಮಣ್ಣು, ಹೊಟ್ಟೆ ಬತ್ತಿತ್ತು. ಕೆದಕಿ ಎಣಿಸಿದೆ: 31 ಮೊಟ್ಟೆ. ಮರುದಿನದ ಎಕ್ಸ್‌ರೇಯಲ್ಲಿ ಒಳಗೇನೂ ಉಳಿದಿರಲಿಲ್ಲ.

ಹೆಣ್ಣು ಇಗ್ವಾನಾ ಸಾಕಿದವರು ಗಂಡಿಲ್ಲವೆಂದು ನಿಶ್ಚಿಂತೆಯಿಂದ ಇರಬೇಡಿ. ಕತ್ತಲ ಗೂಡೊಂದು ಮೊದಲೇ ಸಿದ್ಧವಿರಲಿ.

ಸುದ್ದಿ ಕೇಳಿ ಅವ್ವ ಅಂದಳು: "ಇನ್ನ ಬಾಣಂತನ ಚಲೋತ್ನ್ಯಾಗ ಮಾಡು."